ತಮ್ಮ ಪೆರುವಿಗೆ ಹೋಗಿ ಅಯಹುವಾಸ್ಕ ಕುಡಿಯುತ್ತಾನಂತೆ. ಡಿಎಂಟಿ ಅಂದರೇನು, ಅದು ನಿಜಕ್ಕೂ 15 ನಿಮಿಷದ್ದಾ?

ಸಕಲೇಶಪುರದ ಅಕ್ಕ:

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಅಮೆರಿಕದ ಆಸ್ಟಿನ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಗೆಳೆಯರ ಜೊತೆ ಪೆರುವಿಗೆ ಹೋಗುತ್ತೇನೆ ಅಂದಾಗ ಮಾಚು ಪಿಚು ನೋಡೋಕೆ ಇರಬೇಕು ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಇಕಿಟೋಸ್ ಅನ್ನೋ ಊರಿನ ಹತ್ತಿರ ಕಾಡಿನಲ್ಲಿ ಒಂದು ವಾರದ ಶಿಬಿರವಂತೆ. ಅಲ್ಲಿ ರಾತ್ರಿ ಹೊತ್ತು ಅಯಹುವಾಸ್ಕ ಅನ್ನೋ ಕಷಾಯ ಕೊಡುತ್ತಾರಂತೆ. ಅದರಲ್ಲಿರುವ ವಸ್ತುವಿನ ಹೆಸರು ಡಿಎಂಟಿ.

ಅವನ ವಾದ ಇಷ್ಟು. ಅದು ಗಿಡದಲ್ಲೇ ಇರುವಂಥದ್ದು, ನಮ್ಮ ಮೆದುಳಿನಲ್ಲೂ ಇದೆ, 15 ನಿಮಿಷದಲ್ಲಿ ಇಳಿದುಹೋಗುತ್ತದೆ, ಚಟ ಹಿಡಿಯುವುದಿಲ್ಲ.

ನನ್ನ ಚಿಂತೆ ಬೇರೆ. ಅವನು ಸುಮಾರು ದಿನದಿಂದ ಖಿನ್ನತೆಗೆ ಎಸಿಟಲೊಪ್ರಾಮ್ ಮಾತ್ರೆ ತಗೊಳ್ಳುತ್ತಿದ್ದಾನೆ. ಈ ಕಷಾಯ ಕುಡಿದರೆ ಮಾತ್ರೆಯೇ ಬೇಡವಾಗಬಹುದು ಅನ್ನೋ ಆಸೆ ಇಟ್ಟುಕೊಂಡಿದ್ದಾನೆ. ಬೈದರೆ ಫೋನ್ ಕಟ್ ಮಾಡುತ್ತಾನೆ. ಅಮ್ಮನಿಗೆ ಇನ್ನೂ ಹೇಳಿಲ್ಲ.

ದಯವಿಟ್ಟು ಉಪದೇಶ ಬೇಡ. ಅವನ ಜೊತೆ ಕೂತು ಮಾತಾಡೋಕೆ ನನಗೆ ವಿಷಯ ಬೇಕು.

ಬೆಳಕಿನ ಹಾದಿ:

ಅಕ್ಕಾ, ಭಯ ಬೇಡ. ಮೆದುಳಿನ ನಡುವೆ ಒಳಗಡೆ ಪೀನಿಯಲ್ ಗ್ರಂಥಿ ಇದೆಯಲ್ಲ, ನಮ್ಮವರು ಮೂರನೇ ಕಣ್ಣು ಅಂದಿದ್ದು ಅದನ್ನೇ. ಹುಟ್ಟುವಾಗ, ಸಾಯುವಾಗ ಅದೇ ಡಿಎಂಟಿ ಸುರಿಸುತ್ತದೆ. ಮೈಯಲ್ಲಿ ಮೊದಲೇ ಇರುವ ವಸ್ತು ಮೈಗೆ ಕೆಟ್ಟದ್ದು ಹೇಗಾಗುತ್ತದೆ? ನಿಮ್ಮ ತಮ್ಮ ಓದಿಕೊಂಡಿದ್ದಾನೆ ಅನ್ನಿಸುತ್ತದೆ.

ಧಾರವಾಡದ ಮಾಸ್ತರ:

ತಂಗೀ, ನಾನು ಮೆಡಿಕಲ್ ಕಾಲೇಜಿನಲ್ಲಿ ಔಷಧಶಾಸ್ತ್ರ ಕಲಿಸಿ ನಿವೃತ್ತನಾದವನು. ಮೊದಲು ಒಂದು ಮಾತು ಹೇಳಿ ಆಮೇಲೆ ಬಿಡಿಸುತ್ತೇನೆ. ಎಸಿಟಲೊಪ್ರಾಮ್ ಮೈಯಲ್ಲಿರುವಾಗ ಅಯಹುವಾಸ್ಕ ಕುಡಿಯಲೇಬಾರದು. ಇದರಲ್ಲಿ ಎರಡು ಮಾತಿಲ್ಲ. ಏಕೆ ಅನ್ನುವುದು ಆ 15 ನಿಮಿಷದ ಲೆಕ್ಕದಲ್ಲೇ ಇದೆ.

ಡಿಎಂಟಿ ಅಂದರೆ ಡೈಮೀಥೈಲ್‌ಟ್ರಿಪ್ಟಮೀನ್. ಬಹಳ ಚಿಕ್ಕ ಅಣು. ಬೇಳೆಯಲ್ಲಿ, ಹಾಲಿನಲ್ಲಿ ಇರುವ ಟ್ರಿಪ್ಟೊಫಾನ್‌ನಿಂದ ಗಿಡಗಳು ಇದನ್ನು ಮಾಡಿಕೊಳ್ಳುತ್ತವೆ. ನಮ್ಮ ಮೈ ಅದೇ ಟ್ರಿಪ್ಟೊಫಾನ್‌ನಿಂದ ಸೆರೊಟೋನಿನ್ ಮಾಡಿಕೊಳ್ಳುತ್ತದೆ, ಅಂದರೆ ನರಕೋಶಗಳ ನಡುವೆ ಸುದ್ದಿ ಸಾಗಿಸುವ ವಸ್ತು. ಎರಡರ ಆಕಾರವೂ ಹತ್ತಿರ ಹತ್ತಿರ. ಅದಕ್ಕೇ ಮೆದುಳಿನಲ್ಲಿ ಸೆರೊಟೋನಿನ್ ಹೋಗಿ ಕೂರುವ ಜಾಗಗಳಲ್ಲಿ ಡಿಎಂಟಿ ಕೂಡ ಕೂರುತ್ತದೆ. ಕಣ್ಣು ಮುಚ್ಚಿದರೂ ಬಣ್ಣ, ಆಕಾರ, ಬೇರೆ ಲೋಕ ಕಾಣುವುದು ಮುಖ್ಯವಾಗಿ 5-ಎಚ್‌ಟಿ2ಎ ಅನ್ನುವ ಜಾಗದ ಮೂಲಕ. ಎಲ್‌ಎಸ್‌ಡಿ ಎಂಬ ಭ್ರಮೆ ಹುಟ್ಟಿಸುವ ವಸ್ತು ಕೆಲಸ ಮಾಡುವುದೂ ಅಲ್ಲೇ.

ಇದರ ಕಥೆ ವಿಚಿತ್ರವಾಗಿದೆ. ಕೆನಡಾದಲ್ಲಿ ರಿಚರ್ಡ್ ಮ್ಯಾನ್‌ಸ್ಕೆ ಎಂಬ ರಸಾಯನಶಾಸ್ತ್ರಜ್ಞ 1931ರಲ್ಲೇ ಇದನ್ನು ಲ್ಯಾಬ್‌ನಲ್ಲಿ ತಯಾರಿಸಿದ್ದ. ಅದು ಮನುಷ್ಯನಿಗೆ ಏನು ಮಾಡುತ್ತದೆ ಅಂತ ಯಾರೂ ನೋಡಿರಲಿಲ್ಲ. 1946ರಲ್ಲಿ ಬ್ರೆಜಿಲ್‌ನ ಗೊನ್ಸಾಲ್ವೆಸ್ ಡಿ ಲಿಮಾ ಅಲ್ಲಿಯ ಒಂದು ಮಿಮೋಸಾ ಗಿಡದ ಬೇರಿನ ತೊಗಟೆಯಿಂದ ಒಂದು ವಸ್ತು ತೆಗೆದ. ಅದೂ ಡಿಎಂಟಿಯೇ ಅಂತ ತಿಳಿದದ್ದು ಆಮೇಲೆ.

ಆಮೇಲೆ ಬಂದದ್ದು ಬುಡಾಪೆಸ್ಟ್‌ನ ಸ್ಟೀಫನ್ ಸಾರಾ. ನಾನು ಪಾಠ ಮಾಡುವಾಗ ಈತನ ಹತ್ತಿರ ಬಂದು ನಿಂತುಬಿಡುತ್ತಿದ್ದೆ. ವೈದ್ಯ, ರಸಾಯನಶಾಸ್ತ್ರವೂ ಗೊತ್ತಿದ್ದವ. ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಕಂಪನಿಗೆ ಸಂಶೋಧನೆಗಾಗಿ ಎಲ್‌ಎಸ್‌ಡಿ ಕೊಡಿ ಅಂತ ಕೇಳಿದ. ಹಂಗೇರಿ ಆಗ ಕಮ್ಯುನಿಸ್ಟ್ ದೇಶ, ಅವರು ಕೊಡಲಿಲ್ಲ. ಹಾಗಾಗಿ ತಾನೇ ಡಿಎಂಟಿ ತಯಾರಿಸಿದ. ಮೊದಲು ನುಂಗಿದ. ಏನೂ ಆಗಲಿಲ್ಲ. ಜಾಸ್ತಿ ನುಂಗಿದರೂ ಅಷ್ಟೇ. 1956ರಲ್ಲಿ ಸ್ನಾಯುವಿಗೆ ಇಂಜೆಕ್ಷನ್ ತೆಗೆದುಕೊಂಡ. ಕೆಲವೇ ನಿಮಿಷದಲ್ಲಿ ದೃಶ್ಯಗಳು ಶುರುವಾದವು. ಒಂದು ಗಂಟೆಯೊಳಗೆ ಎಲ್ಲ ಮುಗಿಯಿತು.

ನುಂಗಿದರೆ ಸೊನ್ನೆ, ಚುಚ್ಚಿದರೆ ಅಷ್ಟು ಜೋರು. ಏಕೆ? ನಮ್ಮ ಕರುಳಿನಲ್ಲಿ, ಲಿವರ್‌ನಲ್ಲಿ ಮೊನೊಅಮೈನ್ ಆಕ್ಸಿಡೇಸ್ ಎಂಬ ಕಿಣ್ವ ಇದೆ. ಚಿಕ್ಕದಾಗಿ ಎಂಎಒ ಅನ್ನುತ್ತೇವೆ. ಊಟದಲ್ಲಿ ಬರುವ ಇಂಥ ಅಣುಗಳನ್ನು ರಕ್ತಕ್ಕೆ ಸೇರುವ ಮೊದಲೇ ಒಡೆಯುವುದು ಅದರ ಕೆಲಸ. ಡಿಎಂಟಿ ಹೊಟ್ಟೆಗೆ ಹೋದರೆ ಅಲ್ಲೇ ಮುಗಿಯಿತು. ಹೊಗೆಯಾಗಿ ಎಳೆದರೆ ಅಥವಾ ರಕ್ತನಾಳಕ್ಕೆ ಕೊಟ್ಟರೆ ಸೀದಾ ಮೆದುಳಿಗೆ ಹೋಗುತ್ತದೆ. ಆದರೆ ಎಂಎಒ ಬಿಡುವುದಿಲ್ಲ, ಬೇಗನೆ ಒಡೆದು ಹಾಕುತ್ತದೆ. ನಿಮ್ಮ ತಮ್ಮ ಹೇಳುವ 15 ನಿಮಿಷ ಈ ಹೊಗೆಯ ಲೆಕ್ಕ.

ಅಮೆಜಾನ್‌ನ ಜನ ಮಾಡಿದ ಕೆಲಸ ನೋಡಿ ಈಗ. ಅಯಹುವಾಸ್ಕದಲ್ಲಿ ಎರಡು ಗಿಡ. ಚಕ್ರುನಾ ಎಂಬ ಪೊದೆಯ ಎಲೆಯಲ್ಲಿ ಡಿಎಂಟಿ ಇರುತ್ತದೆ. ಇನ್ನೊಂದು ದಪ್ಪ ಕಾಡುಬಳ್ಳಿ. ಅದರಲ್ಲಿ ಡಿಎಂಟಿ ಇಲ್ಲ, ಹಾರ್ಮಿನ್, ಹಾರ್ಮಲಿನ್ ಎಂಬ ಬೇರೆ ವಸ್ತುಗಳಿವೆ. ಅವು ಎಂಎಒ ಕಿಣ್ವವನ್ನು ತಡೆಯುತ್ತವೆ. ಎರಡನ್ನೂ ಗಂಟೆಗಟ್ಟಲೆ ಕುದಿಸಿ ಕುಡಿದಾಗ ಡಿಎಂಟಿ ಒಡೆಯದೆ ರಕ್ತಕ್ಕೆ ಸೇರುತ್ತದೆ. ಸೂಕ್ಷ್ಮದರ್ಶಕ ಇಲ್ಲದೆ, ಕಿಣ್ವದ ಹೆಸರೇ ಇಲ್ಲದ ಕಾಲದಲ್ಲಿ ಅವರು ಈ ಜೋಡಿ ಹುಡುಕಿಕೊಂಡರು. ನನಗೆ ಇಂದಿಗೂ ಇದು ದೊಡ್ಡ ವಿಸ್ಮಯ.

ಆದರೆ ಅಲ್ಲಿಗೆ 15 ನಿಮಿಷದ ಮಾತು ಮುಗಿಯಿತು. ಕಷಾಯದ ಪರಿಣಾಮ ನಾಲ್ಕರಿಂದ ಆರು ಗಂಟೆ.

ಈಗ ಮಾತ್ರೆಯ ವಿಷಯ. ಎಸಿಟಲೊಪ್ರಾಮ್ ಸೆರೊಟೋನಿನ್ ಅನ್ನು ನರಕೋಶ ವಾಪಸ್ ಹೀರಿಕೊಳ್ಳದಂತೆ ತಡೆಯುತ್ತದೆ. ಸೆರೊಟೋನಿನ್ ಅನ್ನು ಒಡೆಯುವುದು ಎಂಎಒ. ಬಳ್ಳಿ ಆ ಎಂಎಒವನ್ನೇ ತಡೆಯುತ್ತದೆ. ಒಂದು ಕಡೆ ಹೀರುವುದು ನಿಂತಿತು, ಇನ್ನೊಂದು ಕಡೆ ಒಡೆಯುವುದು ನಿಂತಿತು. ಸೆರೊಟೋನಿನ್ ಏರುತ್ತಲೇ ಹೋಗಬಹುದು. ಇದಕ್ಕೆ ಸೆರೊಟೋನಿನ್ ಸಿಂಡ್ರೋಮ್ ಅನ್ನುತ್ತಾರೆ. ನಡುಕ, ಬೆವರು, ಎದೆಬಡಿತ, ಗೊಂದಲ, ಕಾಲು ಬಿಗಿಯುವುದು, ಜ್ವರ. ಜಾಸ್ತಿಯಾದರೆ ಫಿಟ್ಸ್ ಬರುತ್ತದೆ, ಜೀವವೂ ಹೋಗಬಹುದು. ಕಷಾಯ ಕುಡಿದವರಿಗೆ ಬೆವರು, ನಡುಕ ಹೇಗೂ ಇರುತ್ತದೆ. ಹಾಗಾಗಿ ಕಾಡಿನ ಮಧ್ಯೆ ರಾತ್ರಿ ಹೊತ್ತು ಇದನ್ನು ಗುರುತಿಸುವುದೇ ಕಷ್ಟ.

"ಬೆಳಕಿನ ಹಾದಿ" ಅವರೇ, ನೀವು ಹೇಳಿದ ಪೀನಿಯಲ್ ವಿಚಾರವನ್ನು ಜನಪ್ರಿಯ ಮಾಡಿದವರು ಅಮೆರಿಕದ ಮನೋವೈದ್ಯ ರಿಕ್ ಸ್ಟ್ರಾಸ್‌ಮನ್. ಅದು ಅವರ ಊಹೆ. 2019ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದವರು ಇಲಿಗಳ ಮೆದುಳಿನಲ್ಲಿ ಡಿಎಂಟಿ ಇದೆ ಅಂತ ತೋರಿಸಿದರು. ಪೀನಿಯಲ್ ಗ್ರಂಥಿ ತೆಗೆದ ಇಲಿಗಳಲ್ಲೂ ಅದು ಇತ್ತು. ಮನುಷ್ಯರ ರಕ್ತದಲ್ಲಿ, ಮೂತ್ರದಲ್ಲಿ ಅತಿ ಕಡಿಮೆ ಪ್ರಮಾಣದಲ್ಲಿ ಸಿಕ್ಕಿದೆ. ಸಾಯುವಾಗ ಮನುಷ್ಯನ ಪೀನಿಯಲ್ ಡಿಎಂಟಿ ಸುರಿಸುತ್ತದೆ ಅಂತ ಯಾರೂ ತೋರಿಸಿಲ್ಲ. ಇನ್ನು ಮೈಯಲ್ಲಿ ಇರುವುದು ಮೈಗೆ ಕೆಟ್ಟದ್ದಲ್ಲ ಅನ್ನುವ ಮಾತು. ಇನ್ಸುಲಿನ್ ನಮ್ಮ ಮೈಯದ್ದೇ. ಅದನ್ನು ಜಾಸ್ತಿ ಚುಚ್ಚಿಕೊಂಡರೆ ಏನಾಗುತ್ತದೆ ಅಂತ ಸಕ್ಕರೆ ಕಾಯಿಲೆಯವರ ಮನೆಯವರಿಗೆಲ್ಲ ಗೊತ್ತು.

ಅದೇ ಸ್ಟ್ರಾಸ್‌ಮನ್ 1990ರಿಂದ 1995ರವರೆಗೆ ನ್ಯೂ ಮೆಕ್ಸಿಕೊದಲ್ಲಿ ಸುಮಾರು 60 ಜನರಿಗೆ ರಕ್ತನಾಳದ ಮೂಲಕ ಡಿಎಂಟಿ ಕೊಟ್ಟು ನೋಡಿದರು. ಎರಡು ನಿಮಿಷದಲ್ಲಿ ತುದಿ ಮುಟ್ಟುತ್ತಿತ್ತು, ಅರ್ಧ ಗಂಟೆಗೆ ಇಳಿಯುತ್ತಿತ್ತು. ಆ ಹೊತ್ತಿನಲ್ಲಿ ರಕ್ತದೊತ್ತಡ, ಎದೆಬಡಿತ ಎರಡೂ ಏರುತ್ತಿದ್ದವು. ಬೇರೆ ಜೀವಿಗಳನ್ನು ಕಂಡೆ, ಮಾತಾಡಿದೆ ಅಂದವರಿದ್ದರು. ಬಹಳ ಹೆದರಿದವರೂ ಇದ್ದರು. ಬೇಗ ಇಳಿಯುತ್ತದೆ ಅಂದ ಮಾತ್ರಕ್ಕೆ ಅದು ಹಗುರ ಅಂತ ನಿಮ್ಮ ತಮ್ಮ ತಿಳಿಯಬಾರದು.

ಮಲೆನಾಡ ಬೆಳೆಗಾರ:

ಮಾಸ್ತರು ಚೆನ್ನಾಗಿ ಬಿಡಿಸಿದ್ದಾರೆ. ನಾನು ಸಸ್ಯಶಾಸ್ತ್ರ ಓದಿ ತೋಟ ನೋಡಿಕೊಂಡಿರುವವನು. ಗಿಡಗಳ ಬಗ್ಗೆ ಮಾತ್ರ ಎರಡು ಮಾತು ಸೇರಿಸುತ್ತೇನೆ, ಯಾಕೆಂದರೆ ನಮ್ಮ ಕಡೆಯ ಗಿಡಗಳಲ್ಲೂ ಇದು ಇದೆಯಾ ಅಂತ ಮುಂದೆ ಯಾರಾದರೂ ಖಂಡಿತ ಕೇಳುತ್ತಾರೆ.

ಚಕ್ರುನಾ ನಮ್ಮ ಕಾಫಿಯ ಕುಟುಂಬದ್ದು. ಎಲೆ ನೋಡಿದರೆ ಸಕಲೇಶಪುರದವರಿಗೆ ಪರಿಚಯದ್ದು ಅನ್ನಿಸೀತು. ಆ ಬಳ್ಳಿ ನಮ್ಮ ಮಾಧವಿ ಬಳ್ಳಿಯ ಕುಟುಂಬದ್ದು. ಬ್ರೆಜಿಲ್‌ನ ಆ ಮಿಮೋಸಾ, ನಮ್ಮ ಮುಟ್ಟಿದರೆ ಮುನಿ ಎರಡೂ ಒಂದೇ ಜಾತಿಗೆ ಸೇರಿದವು. ಮುಟ್ಟಿದರೆ ಮುನಿ ಕೂಡ ದಕ್ಷಿಣ ಅಮೆರಿಕ ಕಡೆಯಿಂದಲೇ ಬಂದದ್ದು. ಸಂಬಂಧ ಇದೆ ಅಂದ ಮಾತ್ರಕ್ಕೆ ಒಳಗಿನ ರಸ ಒಂದೇ ಆಗಿರುವುದಿಲ್ಲ. ಬದನೆ, ಟೊಮೆಟೊ, ದತ್ತೂರ ಮೂರೂ ಒಂದೇ ಕುಟುಂಬ. ದಯವಿಟ್ಟು ಯಾರೂ ತೋಟದ ಗಿಡ ತಂದು ಕುದಿಸಬೇಡಿ. ದತ್ತೂರ ತಿಂದು ಆಸ್ಪತ್ರೆ ಸೇರಿದವರನ್ನು ಮಲೆನಾಡಿನಲ್ಲಿ ನಾವು ನೋಡಿದ್ದೇವೆ, ಸಾಕು.

ಲಿಮಾದಲ್ಲಿದ್ದ ಮಂಡ್ಯದ ಹುಡುಗ:

ಅಕ್ಕಾ, ನಾನು ಗಣಿ ಕಂಪನಿಯ ಕೆಲಸಕ್ಕೆ ಲಿಮಾದಲ್ಲಿದ್ದೆ. ಇಕಿಟೋಸ್‌ಗೆ ಎರಡು ಸಲ ಹೋಗಿದ್ದೇನೆ. ನಾನು ಕುಡಿದಿಲ್ಲ. ಜೊತೆಗೆ ಕೆಲಸ ಮಾಡುತ್ತಿದ್ದವರು ಕುಡಿದಿದ್ದಾರೆ.

ಮೊದಲನೆಯದು, ಇಕಿಟೋಸ್‌ಗೆ ಹೊರಗಿನಿಂದ ರಸ್ತೆಯೇ ಇಲ್ಲ. ವಿಮಾನ ಇಲ್ಲವೇ ದೋಣಿ. ಶಿಬಿರಗಳು ಅಲ್ಲಿಂದಲೂ ಒಳಗೆ, ನದಿ ದಾರಿಯಲ್ಲಿ. ರಾತ್ರಿ ಎರಡು ಗಂಟೆಗೆ ಯಾರಿಗಾದರೂ ಫಿಟ್ಸ್ ಬಂದರೆ ಆಸ್ಪತ್ರೆ ಮುಟ್ಟುವುದು ಹೇಗೆ ಅನ್ನೋದನ್ನು ತಮ್ಮನಿಗೆ ಕೇಳಿ. ಬೈಯಬೇಡಿ, ಈ ಪ್ರಶ್ನೆ ಮಾತ್ರ ಕೇಳಿ.

ಎರಡನೆಯದು, ಅಲ್ಲಿಯ ಜನರ ಬಗ್ಗೆ ಕೆಟ್ಟದಾಗಿ ತಿಳಿಯಬೇಡಿ. ಉಕಯಾಲಿ ನದಿ ಕಡೆಯ ಶಿಪಿಬೊ ಜನರಿಗೆ ಇದು ಔಷಧಿ, ಪೂಜೆ, ವಿದ್ಯೆ ಎಲ್ಲವೂ. ಕತ್ತಲೆಯಲ್ಲಿ ಕೂತು ಹಾಡುತ್ತಾರೆ. ಆ ಹಾಡಿಗೆ ಇಕಾರೊ ಅನ್ನುತ್ತಾರೆ. ಹಾಡುವವರು ವರ್ಷಗಟ್ಟಲೆ ಪಥ್ಯ ಮಾಡಿ ಕಲಿತವರು. 2008ರಲ್ಲಿ ಪೆರು ಸರ್ಕಾರ ಅಯಹುವಾಸ್ಕದ ಸಾಂಪ್ರದಾಯಿಕ ಬಳಕೆಯನ್ನು ದೇಶದ ಸಾಂಸ್ಕೃತಿಕ ಆಸ್ತಿ ಅಂತ ಘೋಷಿಸಿದೆ. ಅಲ್ಲಿ ಕಾನೂನು ಪ್ರಕಾರ ತಪ್ಪಿಲ್ಲ.

ಆದರೆ ಪ್ರವಾಸಿಗಳ ದುಡ್ಡು ಬಂದಮೇಲೆ ಏನೂ ಕಲಿಯದವರೂ ಬೋರ್ಡ್ ಹಾಕಿಕೊಂಡಿದ್ದಾರೆ. ಕೆಲವರು ಕಷಾಯ ಜೋರಾಗಿರಲಿ ಅಂತ ತೊಎ ಅನ್ನೋ ಗಿಡ ಸೇರಿಸುತ್ತಾರೆ. ಉದ್ದನೆ ಗಂಟೆಯಾಕಾರದ ಹೂವು, ದತ್ತೂರದ ಹತ್ತಿರದ ಸಂಬಂಧಿ. ಅದರ ವಿಷ ಬೇರೆಯೇ. ಒಳ್ಳೆಯ ಶಿಬಿರದವರು ತಿಂಗಳು ಮೊದಲೇ ಫಾರಂ ಕಳಿಸಿ ಯಾವ ಮಾತ್ರೆ, ಹೃದಯದ ತೊಂದರೆ ಇದೆಯಾ, ಮನೆಯಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್ ಇತ್ತಾ ಅಂತ ಕೇಳುತ್ತಾರೆ. ಖಿನ್ನತೆಯ ಮಾತ್ರೆ ಇದೆ ಅಂದರೆ ಬೇಡ ಅಂತಾರೆ. ತಮ್ಮನಿಗೆ ಇಂಥ ಫಾರಂ ಬಂದಿದೆಯಾ? ಬಂದಿದ್ದರೆ ಅವನು ಏನು ಬರೆದ? ಸೀಟು ಹೋಗುತ್ತದೆ ಅಂತ ಮಾತ್ರೆಯ ವಿಷಯ ಮುಚ್ಚಿಡುವವರು ಇದ್ದಾರೆ. ನನಗೆ ಅದೇ ಭಯ.

ಇನ್ನೊಂದು. ಬಾಟಲಿಯಲ್ಲಿ ತುಂಬಿಕೊಂಡು ವಾಪಸ್ ತರುವ ಯೋಚನೆ ಇದ್ದರೆ ಈಗಲೇ ಬಿಡಿಸಿ. ಅಮೆರಿಕದಲ್ಲಿ ಡಿಎಂಟಿ ಮೊದಲ ಪಟ್ಟಿಯ ನಿಷಿದ್ಧ ವಸ್ತು. ವೀಸಾದಲ್ಲಿರುವವನಿಗೆ ಡ್ರಗ್ಸ್ ಕೇಸು ಅಂದರೆ ಕೆಲಸ, ವಾಸ ಎರಡೂ ಹೋಗಬಹುದು. ಭಾರತದಲ್ಲೂ ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿದೆ.

ಸಕಲೇಶಪುರದ ಅಕ್ಕ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಮಾತಾಡಿದೆ. ಫಾರಂ ಬಂದಿದೆಯಂತೆ, ಮಾತ್ರೆಯ ಕಾಲಂ ಖಾಲಿ ಬಿಟ್ಟಿದ್ದಾನೆ. ಎಂಎಒ ವಿಷಯ ಹೇಳಿದಾಗ ಸುಮ್ಮನೆ ಕೇಳಿದ. ಆಮೇಲೆ, "ಹಾಗಾದರೆ ಇವತ್ತಿಂದಲೇ ಮಾತ್ರೆ ನಿಲ್ಲಿಸುತ್ತೇನೆ, ಇನ್ನೂ ಟೈಮ್ ಇದೆ" ಅಂದ. ಖಿನ್ನತೆಗೆ ಇದರಿಂದ ಗುಣ ಆಗಿದೆ ಅನ್ನೋ ಸಂಶೋಧನೆಯೂ ಇದೆ ಅಂತಾನೆ. ಮಾಸ್ತರೇ, ಇದಕ್ಕೆ ಏನು ಹೇಳಲಿ?

ಧಾರವಾಡದ ಮಾಸ್ತರ:

ತಂಗೀ, ಇದು ಇನ್ನೂ ಅವಸರದ ವಿಷಯ. ಇವತ್ತೇ ಫೋನ್ ಮಾಡಿ.

ಮಾತ್ರೆಯನ್ನು ತಾನಾಗಿ ಒಮ್ಮೆಲೇ ನಿಲ್ಲಿಸಬಾರದು. ತಲೆಸುತ್ತು, ಕರೆಂಟ್ ಹೊಡೆದಂತೆ ಅನ್ನಿಸುವುದು, ನಿದ್ದೆಗೇಡು, ಸಿಟ್ಟು ಬರುತ್ತವೆ. ಅದಕ್ಕಿಂತ ದೊಡ್ಡದು, ಒಳಗಿರುವ ಖಿನ್ನತೆ ಮತ್ತೆ ಎದ್ದು ಬರಬಹುದು. ಒಬ್ಬನೇ ದೂರದ ಊರಿನಲ್ಲಿರುವಾಗ ಅದು ಜೀವದ ಪ್ರಶ್ನೆ. ನಿಲ್ಲಿಸಿದ ತಕ್ಷಣ ಮೈ ಖಾಲಿಯೂ ಆಗುವುದಿಲ್ಲ. ಫ್ಲುಆಕ್ಸೆಟೀನ್ ಎಂಬ ಖಿನ್ನತೆಯ ಮಾತ್ರೆ ನಿಲ್ಲಿಸಿದ ಮೇಲೆ ಎಂಎಒ ತಡೆಯುವ ಔಷಧಿ ಕೊಡುವ ಮೊದಲು ಐದು ವಾರ ಬಿಡಬೇಕು. ಎಸಿಟಲೊಪ್ರಾಮ್ ಅಷ್ಟು ದಿನ ಉಳಿಯುವುದಿಲ್ಲ. ಆದರೂ ಇಳಿಸುವುದು, ನಿಲ್ಲಿಸುವುದು ಎರಡನ್ನೂ ಮಾತ್ರೆ ಬರೆದ ಡಾಕ್ಟರೇ ಮಾಡಬೇಕು.

ಸಂಶೋಧನೆ ಇದೆ, ಅವನು ಸುಳ್ಳು ಹೇಳುತ್ತಿಲ್ಲ. ಹಾಗಂತ ಅವನಿಗೆ ಹೇಳಿಬಿಡಿ, ಆಗ ಉಳಿದದ್ದನ್ನೂ ಕೇಳುತ್ತಾನೆ. ಬ್ರೆಜಿಲ್‌ನ ನಟಾಲ್ ಊರಿನಲ್ಲಿ ಮಾತ್ರೆಗೆ ಬಗ್ಗದ ಖಿನ್ನತೆಯ 29 ಜನರ ಮೇಲೆ ಒಂದು ಪ್ರಯೋಗ ನಡೆಯಿತು. ಕೆಲವರಿಗೆ ಅಯಹುವಾಸ್ಕ ಒಂದೇ ಸಲ ಕೊಟ್ಟರು, ಉಳಿದವರಿಗೆ ಬರೀ ಹುಸಿ ಕಷಾಯ. ಏಳು ದಿನದ ನಂತರ ಅಯಹುವಾಸ್ಕ ಕುಡಿದವರಲ್ಲಿ ಖಿನ್ನತೆ ಹೆಚ್ಚು ಇಳಿದಿತ್ತು. ನನಗೂ ಅದು ಭರವಸೆ ಹುಟ್ಟಿಸಿದ ಕೆಲಸ. ಆದರೆ ಅಲ್ಲಿ ಮೊದಲೇ ತಪಾಸಣೆ ಮಾಡಿ ಜನರನ್ನು ಆರಿಸಿದ್ದರು. ಹಳೆಯ ಮಾತ್ರೆಗಳನ್ನು ವೈದ್ಯರೇ ಬಿಡಿಸಿದ್ದರು. ಕುಡಿದದ್ದು ಆಸ್ಪತ್ರೆಯಲ್ಲಿ. ನಿಮ್ಮ ತಮ್ಮನ ಶಿಬಿರದಲ್ಲಿ ಫಾರಂ ಒಂದನ್ನು ಬಿಟ್ಟರೆ ಇಂಥದ್ದೇನೂ ಇದ್ದಂತೆ ಕಾಣುವುದಿಲ್ಲ.

ಅವನಿಗೆ ಈ ದಾರಿಯಲ್ಲಿ ನಿಜವಾದ ಆಸಕ್ತಿ ಇದ್ದರೆ ತನ್ನ ಸೈಕಿಯಾಟ್ರಿಸ್ಟ್ ಹತ್ತಿರ ಮುಚ್ಚುಮರೆ ಇಲ್ಲದೆ ಕೇಳಲಿ. ಮಾತ್ರೆ ಸಾಕಾಗುತ್ತಿಲ್ಲ ಅನ್ನುವುದು ಅವನ ಒಳಗಿನ ದೂರು ಇರಬಹುದು. ಅದಕ್ಕೆ ಮಾತ್ರೆ ಬದಲಿಸುವುದು, ಡೋಸ್ ಸರಿಮಾಡುವುದು, ಕೌನ್ಸೆಲಿಂಗ್ ಹೀಗೆ ಬಹಳ ದಾರಿ ಇವೆ. ಪೆರುವಿಗೆ ಹೋಗಲಿ, ಮಾಚು ಪಿಚು ನೋಡಲಿ. ಫಾರಂನಲ್ಲಿ ಆ ಖಾಲಿ ಕಾಲಂ ಮಾತ್ರ ಇವತ್ತು ತುಂಬಿಸಿ ಕಳಿಸಲಿ. ಶಿಬಿರದವರು ಏನು ಉತ್ತರ ಕೊಟ್ಟರು ಅಂತ ಇಲ್ಲಿ ಬರೆಯಿರಿ.

ಸಕಲೇಶಪುರದ ಅಕ್ಕ:

ಈಗಷ್ಟೇ ಮೆಸೇಜ್ ಬಂತು. ಮಾತ್ರೆ ನಿಲ್ಲಿಸಿಲ್ಲ. ಗುರುವಾರ ಡಾಕ್ಟರ್ ಅಪಾಯಿಂಟ್‌ಮೆಂಟ್ ಸಿಕ್ಕಿದೆಯಂತೆ. ಮಾಸ್ತರ ಉತ್ತರವನ್ನು ಪೂರ್ತಿ ಕಳಿಸು ಅಂದ, ಕಳಿಸಿದ್ದೇನೆ.