‘ಕ್ಯಾಂಟೀನ್ ಕಟ್ಟೆ’ ಗ್ರೂಪಲ್ಲಿ ಬ್ರಿಟಿಷ್ ರಾಕ್ ಬ್ಯಾಂಡ್ ಆರ್ಕ್ಟಿಕ್ ಮಂಕೀಸ್ ಗಲಾಟೆ

ರವಿ: [ಫೋಟೊ] ನೋಡ್ರಪ್ಪಾ ಕೊನೆಗೂ ಸಿಕ್ತು, ‘ಟ್ರ್ಯಾಂಕ್ವಿಲಿಟಿ ಬೇಸ್ ಹೋಟೆಲ್ ಅಂಡ್ ಕೆಸಿನೊ’ ಆಲ್ಬಮ್‌ನ ವಿನೈಲ್ ರೆಕಾರ್ಡು. ರಿಯೂನಿಯನ್ ಸೆಟ್‌ನಲ್ಲಿ ಇದ್ರದ್ದೊಂದು ಹಾಡು ಬಾರಿಸ್ಲೇಬೇಕು. ಸೌಮ್ಯ ಕೀಬೋರ್ಡು, ಉಳಿದೋರು ಹಿಂದೆ ನಿಂತ್ಕೊಳ್ಳಿ

ಗೌಡ: ಲೋ ಬ್ಯಾಡ ಕಣ್ಲಾ

ಗೌಡ: 2018ರಲ್ಲಿ ಬಂದಾಗ ಮಂಡ್ಯದಿಂದ ಮೈಸೂರಿಗೆ ರೈಲಲ್ಲಿ ಬತ್ತಾ ಪೂರ್ತಿ ಕೇಳಿದ್ದೀನಿ, ಶ್ರೀರಂಗಪಟ್ಣ ದಾಟಿದ್ರೂ ಗಿಟಾರ್ ಬರ್ನಿಲ್ಲ

ರವಿ: ಗಿಟಾರ್ ಇದೆ ಮಗಾ, ಮುಂದೆ ಬಂದು ಕೂಗಾಡಲ್ಲ ಅಷ್ಟೆ. ಹಾಡೋನು ಅಲೆಕ್ಸ್ ಟರ್ನರ್‌ಗೆ 30 ತುಂಬಿದಾಗ ಮ್ಯಾನೇಜರ್ ಒಂದು ಸ್ಟೈನ್‌ವೇ ಪಿಯಾನೊ ಕೊಟ್ರಂತೆ, ಲಾಸ್ ಏಂಜಲಿಸ್ ಮನೇಲಿ ಅದ್ರ ಮುಂದೆ ಕೂತು ಬರೆದ ಹಾಡುಗಳು ಇವು, ಆಮೇಲೆ ಪ್ಯಾರಿಸ್ ಹತ್ರ ಲಾ ಫ್ರೆಟ್ ಸ್ಟುಡಿಯೋಲಿ ಎಲ್ಲರೂ ಸೇರಿ ರೆಕಾರ್ಡ್ ಮಾಡಿದ್ರು. ಅಪೋಲೊ 11 ಇಳಿದ ಜಾಗದ ಹೆಸ್ರು ಆಲ್ಬಮ್‌ಗೆ, ಹಾಡುಗಳಲ್ಲಿ ಚಂದ್ರನ ಮೇಲೆ ಹೋಟ್ಲು, ಕೆಸಿನೊ, ಟಾಕೋ ಅಂಗಡಿ, ಆ ಅಂಗಡಿಗೆ ಐದಕ್ಕೆ ನಾಲ್ಕು ಸ್ಟಾರ್. ಇಂಥ ತಲೆ ಯಾರಿಗ್ ಓಡತ್ತೆ ಹೇಳು

ಗೌಡ: ನಾಲ್ಕು ಸ್ಟಾರು ಅವ್ನೇ ಕೊಟ್ಕಂಡವ್ನೆ, ನಾವು ಕೊಟ್ಟಿಲ್ಲ

ಗೌಡ: ಇದಕ್ಕೆ ಮುಂಚಿನ ಅವ್ರ ಆಲ್ಬಮ್ ಎಎಮ್ ಕೇಳು, 2013. ಮೊದಲ್ನೇ ಹಾಡಿನ ರಿಫ್ಫು ಶುರುವಾಯ್ತು ಅಂದ್ರೆ ಗಂಗೋತ್ರಿ ಬಯಲು ರಂಗಮಂದಿರದಲ್ಲಿ ಹಿಂದಿನ ಸಾಲ್ನೋರೂ ಎದ್ದು ನಿಂತಿದ್ರಲ್ಲಪ್ಪಾ ಮರ್ತೋಯ್ತಾ. ಇದ್ರಲ್ಲಿ ಚರಣ ಆದ್ಮೇಲೆ ಚರಣ, ಪಲ್ಲವಿ ಯಾವಾಗ್ ಬತ್ತದೆ ಅಂತ ಕಾಯ್ತಾ ಕಾಯ್ತಾ ಹಾಡೇ ಮುಗ್ದೋಯ್ತದೆ

ಕಿಟ್ಟಿ ಅಡ್ಮಿನ್: ಊಟದ ಲೆಕ್ಕ ಯಾರೂ ಕೊಟ್ಟಿಲ್ಲ. ವೆಜ್ ಎಷ್ಟು ನಾನ್‌ವೆಜ್ ಎಷ್ಟು ಬೇಗ ಹೇಳಿ

ರವಿ: ಕಿಟ್ಟಿ ತಡಿಯೋ

ರವಿ: ಗೌಡ, ನಿಂಗೆ ಇಷ್ಟ ಆಗಿಲ್ಲ ಅನ್ನೋದು ಬೇರೆ, ಆಲ್ಬಮ್ ಫ್ಲಾಪು ಅನ್ನೋದು ಬೇರೆ. ಬ್ರಿಟನ್‌ನಲ್ಲಿ ನೇರವಾಗಿ ನಂಬರ್ ಒನ್. ಮೊದಲ ವಾರ ಸುಮಾರು 86 ಸಾವಿರ ಕಾಪಿ, ಅದ್ರಲ್ಲಿ ವಿನೈಲೇ 24 ಸಾವಿರದ ಮೇಲೆ, 25 ವರ್ಷದಲ್ಲಿ ಅಷ್ಟು ಬೇಗ ಮಾರಾಟ ಆದ ವಿನೈಲ್ ಇನ್ನೊಂದಿರ್ಲಿಲ್ಲ ಅಂತ ಆಗ ಬರೆದಿದ್ರು

ನಾಗೇಶ: ರವಿ, ಆ ಲೆಕ್ಕ ನಿನ್ನ ಪರ ಇಲ್ಲ ಕಣಯ್ಯ. ರಿಲೀಸ್‌ಗೆ ಮುಂಚೆ ಒಂದೇ ಒಂದು ಹಾಡನ್ನೂ ಸಿಂಗಲ್ ಅಂತ ಬಿಟ್ಟಿರ್ಲಿಲ್ಲ ಅವ್ರು. ಮೇ 11ಕ್ಕೆ ಅಂಗಡಿಗೆ ಹೋದೋನು ಏನು ಕೇಳಿ ಕೊಂಡ? ಏನೂ ಕೇಳಿರ್ಲಿಲ್ಲ, ಐದು ವರ್ಷ ಎಎಮ್ ಕೇಳಿದ್ದ ಅಷ್ಟೆ. ಆ 86 ಸಾವಿರ ಎಎಮ್ ಖಾತೆಗೆ ಜಮಾ ಆಗ್ಬೇಕಾದ್ದು, ಇದಕ್ಕಲ್ಲ

ಗೌಡ: ನಾಗೇಶಣ್ಣ 🙏

ರವಿ: ಹಂಗಾದ್ರೆ ಯಾವ ಆಲ್ಬಮ್‌ನ ಮೊದಲ ವಾರಾನೂ ಲೆಕ್ಕಕ್ಕೆ ಬರಲ್ಲ ಬಿಡಣ್ಣ

ನಾಗೇಶ: ಸಿಂಗಲ್ ಬಿಟ್ಟಿದ್ರೆ ಅಷ್ಟೋ ಇಷ್ಟೋ ಬರತ್ತೆ. 2006ರಲ್ಲಿ ಇವರ ಮೊದಲ ಆಲ್ಬಮ್ ಒಂದೇ ವಾರದಲ್ಲಿ 3 ಲಕ್ಷ 63 ಸಾವಿರ ಹೋಯ್ತು, ಅದನ್ನ ಕೊಂಡೋರು ಹಾಡುಗಳನ್ನ ಇಂಟರ್ನೆಟ್ಟಲ್ಲಿ ಡೆಮೊ ಕಾಲದಿಂದ ಬಾಯಿಪಾಠ ಮಾಡ್ಕೊಂಡಿದ್ರು. ಅದು ಕೇಳಿ ಕೊಂಡಿದ್ದು. ಇದು ನಂಬಿ ಕೊಂಡಿದ್ದು

ಗೌಡ: ನಂಬಿ ಕೊಂಡೋರ ಗತಿ ಮುಂದಿನ ಆಲ್ಬಮ್‌ನಲ್ಲಿ ಗೊತ್ತಾಯ್ತಲ್ಲ. 2022ರ ‘ದಿ ಕಾರ್’ ಎರಡನೇ ಸ್ಥಾನ, ಅದಕ್ಕೆ ಮುಂಚಿನ ಆರೂ ನಂಬರ್ ಒನ್ ಆಗಿದ್ವು

ರವಿ: ಅದೇ ದಿನ ಟೇಲರ್ ಸ್ವಿಫ್ಟ್ ‘ಮಿಡ್‌ನೈಟ್ಸ್’ ಬಿಟ್ಟಳು ಮಾರಾಯ, ಅವಳ ಎದುರಿಗೆ ಎರಡನೇದು ಬಂದಿದ್ದೇ ದೊಡ್ಡದು. ಸೋಲು ಅಂತ ಅದನ್ನ ತೋರಿಸೋದು ಅನ್ಯಾಯ

ನಾಗೇಶ: ಅದು ನಿಜ, ಅದ್ರಿಂದ ಏನೂ ಸಾಬೀತಾಗಲ್ಲ. ಗೌಡನ ಪರವೂ ಇಲ್ಲ

ಸೌಮ್ಯ: ಈಗ ನೋಡ್ತಿದ್ದೀನಿ, 47 ಮೆಸೇಜ್! ಹಾಡು ಬಾರಿಸ್ಬೇಕಾದೋಳನ್ನ ಯಾರೂ ಕೇಳೇ ಇಲ್ಲ

ಸೌಮ್ಯ: ಗೌಡ್ರೇ, ಪಲ್ಲವಿ ಇಲ್ಲ ಅನ್ನೋದು ಅರ್ಧ ನಿಜ. ಆ ಟಾಕೋ ಅಂಗಡಿ ಹಾಡಲ್ಲಿ ಪಲ್ಲವಿ ಇದೆ, ಕೊನೇಲಿ ಶ್ರುತಿ ಮೇಲೆ ಹತ್ತತ್ತೆ, ಬಾರಿಸಿ ನೋಡಿ ಕೈಗೆ ಗೊತ್ತಾಗತ್ತೆ ಎಷ್ಟು ಕಷ್ಟ ಅಂತ. ಈ ಆಲ್ಬಮ್‌ನ ಮೊದಲನೇ ಹಾಡಲ್ಲಿ ಮಾತ್ರ ಅವನು ಮಾತಾಡ್ತಾ ಹೋಗ್ತಾನೆ, ಸಂಗೀತ ಅವನ ಮಾತಿನ ಹಿಂದೆ ನಡೀತಾ ಹೋಗತ್ತೆ. ನಂಗಂತೂ ಅದೇ ಇಷ್ಟ. ಬೋರ್ ಆಗೋ ಹಾಡೂ ಒಂದೆರಡು ಇವೆ, ರವಿ ಒಪ್ಪಲ್ಲ, ಬಿಡಿ

ಗೌಡ: ಯುವ ದಸರಾದಲ್ಲಿ ಇದನ್ನ ಬಾರಿಸ್ಲಿ ನೋಡೋಣ, ಗ್ರೌಂಡೇ ಖಾಲಿ ಹೊಡೀತದೆ

ಸೌಮ್ಯ: ಅದೇ ದಸರಾದಲ್ಲಿ ಅರಮನೆ ಮುಂದೆ ಕಚೇರಿ ಕೇಳೋರು ಯಾರೂ ಎದ್ದು ಕುಣಿಯಲ್ಲ, ಆದ್ರೂ ಕುರ್ಚಿ ತುಂಬಿರತ್ತೆ

ಸೌಮ್ಯ: ಇನ್ನೊಂದು, ನಮ್ಮೂರೋರೇ ಜಯಚಾಮರಾಜ ಒಡೆಯರು, ರಷ್ಯಾದ ಮೆಡ್ಟ್ನರ್ ಅನ್ನೋ ಪಿಯಾನೊ ಸಂಗೀತಗಾರ ಲಂಡನ್‌ನಲ್ಲಿ ವಯಸ್ಸಾಗಿ, ಕೇಳೋರು ಕಮ್ಮಿಯಾಗಿ ಕೂತಿದ್ದಾಗ, 1940ರ ದಶಕದ ಕೊನೇಲಿ ದುಡ್ಡು ಕೊಟ್ಟು ಮೆಡ್ಟ್ನರ್ ಸೊಸೈಟಿ ಮಾಡ್ಸಿ ಅವರ ರಚನೆಗಳನ್ನ ಅವರ ಕೈಲೇ ರೆಕಾರ್ಡ್ ಮಾಡ್ಸಿದ್ರು. ಮೆಡ್ಟ್ನರ್ ತಮ್ಮ ಮೂರನೇ ಪಿಯಾನೊ ಕಾನ್ಸರ್ಟೊನ ಮಹಾರಾಜರಿಗೇ ಅರ್ಪಿಸಿದಾರೆ. ಗ್ರೌಂಡ್ ತುಂಬತ್ತಾ ಅಂತ ಮಹಾರಾಜರು ಕೇಳಿದ್ರೆ ಆ ರೆಕಾರ್ಡ್ ಎಲ್ಲಿರ್ತಿತ್ತು

ಗೌಡ: ತಾಯಿ, ಮಹಾರಾಜರ ಹತ್ರ ಖಜಾನೆ ಇತ್ತು. ನಾನು ಟಿಕೆಟ್ ತಗಂಡು ಹೋಗೋನು, ಕುಣಿಯೋ ಹಾಡು ಕೇಳೋ ಹಕ್ಕು ನಂಗದೆ

ರವಿ: ಪ್ರಶಸ್ತಿ ಕಡೆ ನೋಡಿ, ಮರ್ಕ್ಯುರಿ ನಾಮಿನೇಷನ್, ಗ್ರ್ಯಾಮಿ ನಾಮಿನೇಷನ್

ಗೌಡ: ಗೆದ್ದಿದ್ದು?

ರವಿ: ಮರ್ಕ್ಯುರಿ ಆ ವರ್ಷ ವುಲ್ಫ್ ಆಲಿಸ್ ಬ್ಯಾಂಡ್‌ಗೆ ಹೋಯ್ತು

ಗೌಡ: ಅಷ್ಟೇ ಕೇಳಿದ್ದು 😂

ನಾಗೇಶ: ಧೈರ್ಯ ಇರೋ ಆಲ್ಬಮ್ಮು, ಅದನ್ನ ನಾನೂ ಒಪ್ತೀನಿ. ಎಎಮ್ ಎರಡನೇ ಭಾಗ ಮಾಡಿದ್ರೆ ಕಣ್ಮುಚ್ಚಿ ದುಡ್ಡು ಬರ್ತಿತ್ತು, ಮಾಡ್ಲಿಲ್ಲ. ಆದ್ರೆ ವಿಮರ್ಶಕರು ಸುಮಾರು ಜನ ಧೈರ್ಯಕ್ಕೇ ಮಾರ್ಕ್ಸ್ ಕೊಟ್ಟುಬಿಟ್ರು ಅಂತ ನನ್ನ ತಕರಾರು. ರವಿ, ನೀನೂ ಬೆಳಿಗ್ಗೆಯಿಂದ ಪಿಯಾನೊ ಯಾರು ಕೊಟ್ರು, ಎಷ್ಟು ಮಾರಾಟ ಆಯ್ತು ಅಂತ ಹೇಳ್ತಿದ್ದೀಯ ಹೊರತು ಯಾವ ಹಾಡು ಯಾಕೆ ಚೆನ್ನಾಗಿದೆ ಅಂತ ಒಂದ್ಸಲಾನೂ ಹೇಳ್ಲಿಲ್ಲ. ಹೇಳಿದ್ದು ಸೌಮ್ಯ ಒಬ್ಬಳೇ

ರವಿ: ಕೇಳಿದ್ರೆ ಗೊತ್ತಾಗತ್ತೆ ಅಣ್ಣ, ಹೇಳೋದೇನಿದೆ

ಕಿಟ್ಟಿ ಅಡ್ಮಿನ್: ಸಾಕು. ಪೋಲ್ ಹಾಕ್ತೀನಿ. ಈ ಹೋಟೆಲ್ ಆಲ್ಬಮ್ ಹಾಡಾ, ಎಎಮ್ ಹಾಡಾ. ಊಟಕ್ಕೂ ಬೇರೆ ಪೋಲ್ ಇದೆ ನೋಡ್ಕೊಳ್ಳಿ

ನಾಗೇಶ: ಎರಡೂ ಕೇಳಿರೋರು ಮಾತ್ರ ಒತ್ತಿ. ಇಲ್ಲಾಂದ್ರೆ ಇದೂ ಮೊದಲ ವಾರದ ಲೆಕ್ಕಾನೇ

ಗೌಡ: ಒತ್ತಾಯ್ತು. ಮತ್ತೆ ಹೇಳ್ಬುಡ್ತೀನಿ, ಯಾರೇ ಗೆದ್ರೂ ಕೀಬೋರ್ಡು ಸ್ಟ್ಯಾಂಡು ಎತ್ಕಂಡ್ ಬರಕ್ಕೆ ನನ್ ಕಾರಲ್ಲಿ ಜಾಗ ಇಲ್ಲ, ಆಂಪ್ ಮಡಗ್ಬೇಕು