‘ಹೈ ವೋಲ್ಟೇಜ್’ ಆಲ್ಬಮ್‌ನಲ್ಲಿ ಆ ಹೆಸರಿನ ಹಾಡೇ ಇಲ್ಲ! ನಿಮಗೂ ಹೀಗಾಗಿದೆಯಾ?

ಕಾರವಾರದಿಂದ ಪ್ರಶ್ನೆ:
ಮೆಲ್ಬರ್ನ್‌ನಲ್ಲಿರುವ ಭಾವ ರಜೆಗೆ ಬಂದಾಗ ಆಸ್ಟ್ರೇಲಿಯಾದ ರಾಕ್ ಬ್ಯಾಂಡ್ ಎಸಿ/ಡಿಸಿಯ ಮೊದಲ ಆಲ್ಬಮ್ ‘ಹೈ ವೋಲ್ಟೇಜ್’ ತಂದುಕೊಟ್ಟರು. ಹಳೇ ಎಲ್‌ಪಿ, ಅಂದರೆ ಗ್ರಾಮಫೋನ್ ತಟ್ಟೆ. ಫೋನಿನಲ್ಲಿ ವರ್ಷಗಟ್ಟಲೆ ಕೇಳಿದ್ದೇನೆ, ಆದರೆ ಸೂಜಿ ಇಟ್ಟರೆ ಬೇರೆಯದೇ ಹಾಡು ಶುರುವಾಯಿತು. ಎಂಟು ಹಾಡುಗಳಲ್ಲಿ ಗುರುತು ಸಿಕ್ಕಿದ್ದು ಎರಡೇ. ಕವರ್ ಮೇಲೆ ಬ್ಯಾಂಡಿನ ಗಿಟಾರ್ ವಾದಕ ಆಂಗಸ್ ಯಂಗ್ ಇಲ್ಲ, ಕರೆಂಟಿನ ಸಬ್‌ಸ್ಟೇಷನ್ ಹತ್ತಿರ ಕಾಲೆತ್ತಿ ನಿಂತ ನಾಯಿ! ಡೂಪ್ಲಿಕೇಟ್ ಇರಬಹುದಾ? ಭಾವನ ಹತ್ತಿರ ಕೇಳಲು ಸಂಕೋಚ.

ಶಿರಸಿಯಿಂದ:
ಡೂಪ್ಲಿಕೇಟ್ ಅಲ್ಲ ಮಾರಾಯ್ರೆ. ನಿಮ್ಮ ಕೈಲಿರುವುದೇ ಮೊದಲು ಬಂದದ್ದು. 1975ರ ಫೆಬ್ರವರಿಯಲ್ಲಿ ಆಲ್ಬರ್ಟ್ ಪ್ರೊಡಕ್ಷನ್ಸ್ ಅದನ್ನು ಆಸ್ಟ್ರೇಲಿಯಾದಲ್ಲಿ ಬಿಟ್ಟಿತು. ಅದೇ ಡಿಸೆಂಬರಿನಲ್ಲಿ ಎರಡನೆಯ ಆಲ್ಬಮ್ ‘ಟಿ.ಎನ್.ಟಿ.’ ಬಂತು. 1976ರಲ್ಲಿ ಅಟ್ಲಾಂಟಿಕ್ ಕಂಪನಿ ಹೊರದೇಶಗಳಿಗೆ ಅಂತ ಒಂದು ಡಿಸ್ಕ್ ಮಾಡುವಾಗ ‘ಟಿ.ಎನ್.ಟಿ.’ಯಿಂದ ಏಳು, ಮೊದಲನೆಯದರಿಂದ ಬರೀ ಎರಡು ಹಾಡು ತೆಗೆದುಕೊಂಡು, ಹೆಸರು ಮಾತ್ರ ‘ಹೈ ವೋಲ್ಟೇಜ್’ ಅಂತಲೇ ಇಟ್ಟಿತು. ಚೀಲದ ಮೇಲೆ ಚಾಲಿ ಅಂತ ಬರೆದು ಒಳಗೆ ರಾಶಿ ಅಡಿಕೆ ತುಂಬಿದ ಹಾಗೆ. ಫೋನಿನಲ್ಲಿ ನೀವು ಕೇಳಿದ್ದು ಅದು.

ಹೆಸರಿನ ಹಾಡಿನ ಕಥೆ ಇನ್ನೂ ಮಜಾ. ಆಲ್ಬಮ್ ಬಂದ ಮೇಲೆ ಅದು ಬೇರೆಯೇ ಸಿಂಗಲ್ (ಬಿಡಿ ಹಾಡಿನ ಡಿಸ್ಕ್) ಆಗಿ ಬಂತು, ಆಮೇಲೆ ‘ಟಿ.ಎನ್.ಟಿ.’ಗೆ ಸೇರಿತು. ಮಗನಿಗಿಂತ ಮೊದಲು ಹೆಸರು ಹುಟ್ಟಿದೆ ನೋಡಿ.

ನಾನು ಇದು ಗೊತ್ತಿಲ್ಲದೆ ದುಡ್ಡು ಕಳೆದುಕೊಂಡವನು. ಹೊರದೇಶದ ‘ಹೈ ವೋಲ್ಟೇಜ್’ ಮನೆಯಲ್ಲಿದ್ದಾಗಲೇ ‘ಟಿ.ಎನ್.ಟಿ.’ಯನ್ನೂ ತರಿಸಿದೆ. ಏಳು ಹಾಡಿಗೆ ಎರಡು ಸಲ ದುಡ್ಡು ಕೊಟ್ಟ ಹಾಗಾಯಿತು. ಹೊಸದಾಗಿ ಸಿಕ್ಕಿದ್ದು ‘ರಾಕರ್’, ‘ಸ್ಕೂಲ್ ಡೇಸ್’ ಎರಡೇ. ಈಗ ಹೆಸರು ನೋಡುವುದೇ ಇಲ್ಲ, ಕವರ್ ಹಿಂಬದಿಯ ಹಾಡುಪಟ್ಟಿಯ ಫೋಟೋ ಕಳಿಸಿ ಅಂತೇನೆ. ಕಳಿಸದಿದ್ದರೆ ವ್ಯಾಪಾರ ಇಲ್ಲ.

ಅಂಕೋಲಾದಿಂದ:
ನನಗೆ ಬ್ರಿಟನ್ನಿನ ಪಂಕ್ ಬ್ಯಾಂಡ್ ದ ಕ್ಲ್ಯಾಶ್‌ನಲ್ಲಿ ಇದೇ ಆಯಿತು. ಮೊದಲ ಆಲ್ಬಮ್ ಬ್ರಿಟನ್‌ನಲ್ಲಿ 1977ರಲ್ಲಿ ಬಂತು, 14 ಹಾಡು. ಅಮೆರಿಕದಲ್ಲಿ ಬಂದದ್ದು 1979ರಲ್ಲಿ, ನಾಲ್ಕು ತೆಗೆದು ಐದು ಸೇರಿಸಿ. ಆದರೆ ಮೊದಲು ಬಂದದ್ದೇ ಒಳ್ಳೇದು ಅಂತ ಹಟ ಬೇಡ. ‘ಕಂಪ್ಲೀಟ್ ಕಂಟ್ರೋಲ್’ ಇರುವುದು ಅಮೆರಿಕದ್ದರಲ್ಲಿ. ನಾನು ಜಾಸ್ತಿ ಹಾಕುವುದೂ ಅದನ್ನೇ.

ಕುಮಟಾದಿಂದ:
ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್‌ನದೂ ಹಾಗೇ ಅಲ್ವಾ? 1967ರ ‘ಆರ್ ಯು ಎಕ್ಸ್‌ಪೀರಿಯನ್ಸ್ಡ್’. ಅಮೆರಿಕದ್ದರಲ್ಲಿ ‘ಪರ್ಪಲ್ ಹೇಜ್’ ಇದೆ, ‘ರೆಡ್ ಹೌಸ್’ ಇಲ್ಲ. ಬ್ರಿಟನ್ನಿನದರಲ್ಲಿ ಉಲ್ಟಾ.

ಹೊನ್ನಾವರದಿಂದ:
ನಿಮ್ಮ ಡಿಸ್ಕಿನ ಉಳಿದ ಆರು ಹಾಡು ಬೇರೆಯವರಿಗೆ ಎಲ್ಲಿ ಸಿಗುತ್ತವೆ ಅಂತ ನಾನೂ ಹುಡುಕಿದ್ದೆ. ನಾಲ್ಕು ಹಾಡು ಎಸಿ/ಡಿಸಿಯದೇ 1984ರ ಕಿರು ಆಲ್ಬಮ್ ‘'74 ಜೈಲ್‌ಬ್ರೇಕ್’ನಲ್ಲಿವೆ. ‘ಸ್ಟಿಕ್ ಅರೌಂಡ್’, ‘ಲವ್ ಸಾಂಗ್’ ಎರಡಕ್ಕೆ 2009ರ ಸಂಗ್ರಹ ‘ಬ್ಯಾಕ್‌ಟ್ರ್ಯಾಕ್ಸ್’ ಬರುವವರೆಗೆ ಕಾಯಬೇಕಾಯಿತು. ನಿಮ್ಮ ಹತ್ತಿರ ಎಂಟೂ ಒಂದೇ ಕಡೆ ಇವೆ, ಸುಮ್ನೆ ಕೂತು ಕೇಳಿ.

ಇನ್ನೊಂದು ಮಾತು. ನಮ್ಮ ಕರಾವಳಿ ಮಳೆಗಾಲದಲ್ಲಿ ಕವರಿಗೆ ಬೂಷ್ಟು ಬೇಗ ಹಿಡಿಯುತ್ತದೆ. ಗೋಡೆಗೆ ತಾಗಿಸಬೇಡಿ. ಒಂದರ ಮೇಲೊಂದು ಪೇರಿಸದೆ ನಿಲ್ಲಿಸಿಡಿ. ನನ್ನ ಎರಡು ಕವರ್ ಒಂದೇ ಆಷಾಢದಲ್ಲಿ ಹೋದವು.

ಕಾರವಾರದಿಂದ ಮತ್ತೆ:
ಎಲ್ಲರಿಗೂ ಥ್ಯಾಂಕ್ಸ್. ಧೈರ್ಯ ಮಾಡಿ ಭಾವನಿಗೆ ಫೋನ್ ಮಾಡಿದೆ. “‘ಟಿ.ಎನ್.ಟಿ.’ನಾ? ಅದೂ ಪಕ್ಕದಲ್ಲೇ ಇತ್ತು, ಲಗೇಜ್ ಜಾಸ್ತಿ ಆಗ್ತದೆ ಅಂತ ಬಿಟ್ಟು ಬಂದೆ” ಅಂದರು.