ತಿಂಗಳಿಗೆ 6,000 ರೂಪಾಯಿಯೊಳಗೆ ಗೃಹೋದ್ಯಮಕ್ಕೆ ಪ್ರಚಾರ ಮತ್ತು ವರ್ಚುವಲ್ ಅಸಿಸ್ಟೆಂಟ್ ನೆರವು: ಯಾವುದಕ್ಕೆ ಮೊದಲು ಖರ್ಚು ಮಾಡಬೇಕು?

ಪ್ರಶ್ನೆ: ಶಿರಸಿ ಕಡೆಯ ಗೃಹೋದ್ಯಮಿ

ಶಿರಸಿ ಸಮೀಪದ ಹಳ್ಳಿಯಲ್ಲಿ ನಾನು ಮತ್ತು ನನ್ನ ನಾದಿನಿ ಸೇರಿ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಬಾಳೆಕಾಯಿ ಸಂಡಿಗೆ ಮತ್ತು ಮುರುಗಲು ಪಾನಕವನ್ನು ತಯಾರಿಸಿ ಮಾರುತ್ತೇವೆ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮತ್ತು ಸಣ್ಣ ಉದ್ಯಮಗಳಿಗಾಗಿ ಇರುವ ಉದ್ಯಮ್ ನೋಂದಣಿ ಎರಡೂ ಆಗಿವೆ. ಗಿರಾಕಿಗಳಲ್ಲಿ ಹೆಚ್ಚಿನವರು ನೆಂಟರಿಷ್ಟರ ಮೂಲಕ ಬಂದವರು. ಬೆಂಗಳೂರು ಮತ್ತು ಹುಬ್ಬಳ್ಳಿಯವರಲ್ಲದೆ ಈಚೆಗೆ ಪುಣೆ, ಮುಂಬೈಗಳಲ್ಲಿ ನೆಲೆಸಿರುವ ಊರಿನವರೂ ವಾಟ್ಸ್‌ಆಪ್‌ನಲ್ಲಿ ವಿಚಾರಿಸುತ್ತಿದ್ದಾರೆ.

ವ್ಯಾಪಾರವನ್ನು ಸ್ವಲ್ಪ ವಿಸ್ತರಿಸಬೇಕೆಂದು ಒಂದು ಜಾಹೀರಾತು ಸಂಸ್ಥೆಯನ್ನು ಕೇಳಿದಾಗ, ತಿಂಗಳಿಗೆ ಹನ್ನೆರಡು ಪೋಸ್ಟರ್ ಮತ್ತು ನಾಲ್ಕು ರೀಲ್ಸ್ ಮಾಡಿಕೊಡಲು 25,000 ರೂಪಾಯಿ ಹೇಳಿದರು. ಅಷ್ಟು ನಮ್ಮಿಂದ ಆಗುವ ಮಾತಲ್ಲ. ಇನ್ನೊಬ್ಬರು ತಾವು ವರ್ಚುವಲ್ ಅಸಿಸ್ಟೆಂಟ್ ಆಗಿ, ಅಂದರೆ ದೂರದಿಂದಲೇ ಆನ್‌ಲೈನ್‌ನಲ್ಲಿ ಕೆಲಸ ಮಾಡುವ ಸಹಾಯಕರಾಗಿ, 4,000 ರೂಪಾಯಿಗೆ ಎಲ್ಲವನ್ನೂ ನೋಡಿಕೊಳ್ಳುವುದಾಗಿ ಹೇಳಿ, ವಾಟ್ಸ್‌ಆಪ್ ಸಂಖ್ಯೆಗೆ ಬರುವ ಒಟಿಪಿಯನ್ನೂ ಇನ್‌ಸ್ಟಾಗ್ರಾಂ ಪಾಸ್‌ವರ್ಡ್ ಅನ್ನೂ ಕೇಳಿದ್ದಾರೆ. ಕೊಡಲು ಮನಸ್ಸು ಒಪ್ಪುತ್ತಿಲ್ಲ. ಮಿಡಿಯ ಹಂಗಾಮಿನಲ್ಲಿ ಇಬ್ಬರ ಕೈಯೂ ಉಪ್ಪು ಖಾರದಲ್ಲಿರುವುದರಿಂದ ಬಂದ ಸಂದೇಶಗಳಿಗೆ ಉತ್ತರ ಕೊಡುವುದೇ ರಾತ್ರಿಯಾಗುತ್ತದೆ. ನೆಟ್‌ವರ್ಕ್ ಕೈಕೊಟ್ಟರೆ ಮರುದಿನವೇ ಸರಿ. ತಿಂಗಳಿಗೆ 6,000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡಲಾಗದ ನಮ್ಮಂಥವರು ಈ ಹಣವನ್ನು ಪ್ರಚಾರಕ್ಕೆ ಹಾಕಬೇಕೋ, ಸಹಾಯಕರಿಗೆ ಕೊಡಬೇಕೋ ಎಂಬುದನ್ನು ಅನುಭವವಿದ್ದವರು ತಿಳಿಸಬೇಕಾಗಿ ವಿನಂತಿ.

ಉತ್ತರ 1: ದಾವಣಗೆರೆಯ ವರ್ಚುವಲ್ ಅಸಿಸ್ಟೆಂಟ್

ನಾನು ಇದೇ ಕೆಲಸದಲ್ಲಿ ಇರುವವಳಾದ್ದರಿಂದ ನನ್ನ ಮಾತಿನಲ್ಲಿ ಸ್ವಲ್ಪ ಪಕ್ಷಪಾತ ಇರಬಹುದು. ಅದನ್ನು ಕಳೆದು ಓದಿಕೊಳ್ಳಿ. ನಿಮ್ಮ ಪ್ರಶ್ನೆಯ ಕೊನೆಯ ಭಾಗದಲ್ಲೇ ಉತ್ತರವೂ ಇದೆ. ಈಗ ತಾವಾಗಿಯೇ ಬರುತ್ತಿರುವ ವಿಚಾರಣೆಗಳಿಗೇ ಒಂದು ದಿನ ತಡವಾಗಿ ಉತ್ತರ ಹೋಗುತ್ತಿರುವಾಗ, ಇನ್ನಷ್ಟು ಜನ ವಿಚಾರಿಸುವಂತೆ ಮಾಡಲು ಹಣ ಸುರಿದರೆ ಉತ್ತರ ಸಿಗದೆ ಹೋದವರ ಸಂಖ್ಯೆ ಬೆಳೆಯುತ್ತದೆಯೇ ಹೊರತು ಮಾರಾಟ ಬೆಳೆಯುವುದಿಲ್ಲ. ಆದ್ದರಿಂದ ಮೊದಲ ಮೂರು ತಿಂಗಳ ಹಣ ಉತ್ತರ ಕೊಡುವ ವ್ಯವಸ್ಥೆಗೆ ಹೋಗಲಿ. ಪೋಸ್ಟರ್‌ಗಳ ಮಾತು ಆಮೇಲೆ.

ಹಣವೇ ಬೇಡದ ಕೆಲಸವನ್ನು ಮೊದಲು ಮುಗಿಸಿಕೊಳ್ಳಿ. 2018ರಲ್ಲಿ ಬಂದ ವಾಟ್ಸ್‌ಆಪ್ ಬಿಸಿನೆಸ್ ಆಪ್ ಇವತ್ತಿಗೂ ಉಚಿತವಾಗಿದೆ, ಮತ್ತು ಅದನ್ನು ಮನೆಯ ಸಂಖ್ಯೆಯಿಂದ ಬೇರೆಯಾದ ಸಂಖ್ಯೆಯಲ್ಲಿ ನಡೆಸುವುದು ಒಳ್ಳೆಯದು. ಹಳ್ಳಿಮನೆಯಲ್ಲಿ ಸ್ಥಿರ ದೂರವಾಣಿ ಇದ್ದರೆ ಆ ಸಂಖ್ಯೆಯನ್ನೇ ಕರೆಯ ಮೂಲಕ ದೃಢೀಕರಿಸಿ ಬಳಸಬಹುದೆಂಬುದು ಬಹಳ ಮಂದಿಗೆ ತಿಳಿದಿಲ್ಲ. ಹೊಸ ಸಿಮ್ಮಿನ ಖರ್ಚು ಉಳಿಯುತ್ತದೆ. ಕ್ಯಾಟಲಾಗ್‌ನಲ್ಲಿ ಪ್ರತಿ ಪದಾರ್ಥದ ಚಿತ್ರ, ತೂಕ, ಬೆಲೆಗಳನ್ನು ಹಾಕಿಡಿ. ಪದೇ ಪದೇ ಬರುವ ಪ್ರಶ್ನೆಗಳಿಗೆ, ಅಂದರೆ ಕೊರಿಯರ್ ವೆಚ್ಚ ಎಷ್ಟು, ಎಷ್ಟು ದಿನ ಕೆಡದೆ ಇರುತ್ತದೆ, ಎಣ್ಣೆ ಹಾಕಿದ್ದೋ ಹಾಕದ್ದೋ ಎಂಬಂಥವಕ್ಕೆ, ನಿಮ್ಮದೇ ಮಾತಿನಲ್ಲಿ ಸಿದ್ಧ ಉತ್ತರಗಳನ್ನು ಬರೆದಿಡಿ. ಐವತ್ತರವರೆಗೆ ಇಡಲು ಅವಕಾಶವಿದ್ದರೂ ಹತ್ತು ಹನ್ನೆರಡು ಚೆನ್ನಾಗಿ ಬರೆದರೆ ಸಾಕು. ಈ ಉತ್ತರಗಳನ್ನು ನೀವೇ ಬರೆಯಬೇಕು, ಏಕೆಂದರೆ ಅನಂತಭಟ್ಟನ ಅಪ್ಪೆಗೂ ಜೀರಿಗೆ ವಾಸನೆಯ ಮಿಡಿಗೂ ಇರುವ ವ್ಯತ್ಯಾಸವನ್ನು ದಾವಣಗೆರೆಯಲ್ಲಿ ಕುಳಿತ ನಾನು ಊಹಿಸಿ ಬರೆದರೆ ಊರಿನ ಗಿರಾಕಿಗೆ ಮೊದಲ ಸಾಲಿನಲ್ಲೇ ಅನುಮಾನ ಹುಟ್ಟುತ್ತದೆ.

ಇಷ್ಟಾದ ಮೇಲೆ ಸಹಾಯಕರ ಕೆಲಸ ದಿನಕ್ಕೆ ಒಂದು ಗಂಟೆಗೆ ಇಳಿಯುತ್ತದೆ. ಬೆಳಿಗ್ಗೆ ಅರ್ಧ ಗಂಟೆ ಮತ್ತು ಸಂಜೆ ಅರ್ಧ ಗಂಟೆ ಕುಳಿತು ವಿಚಾರಣೆಗಳಿಗೆ ಉತ್ತರಿಸುವುದು, ಹೊಸ ವಿಚಾರಣೆ, ಹಣ ಬರಬೇಕಾದದ್ದು, ಕಳುಹಿಸಬೇಕಾದದ್ದು ಎಂದು ಪ್ರತಿ ಸಂಭಾಷಣೆಗೆ ಲೇಬಲ್ ಹಚ್ಚುವುದು, ಅಂದಿನ ಆರ್ಡರ್‌ಗಳನ್ನು ಒಂದು ಗೂಗಲ್ ಶೀಟಿನಲ್ಲಿ ವಿಳಾಸ ಸಮೇತ ಬರೆದು ನಿಮಗೆ ಕಳುಹಿಸುವುದು, ಕೊರಿಯರ್ ಸಂಖ್ಯೆಯನ್ನು ಗಿರಾಕಿಗೆ ತಿಳಿಸುವುದು. ಇಂಥ ಕೆಲಸಕ್ಕೆ ನಾನು ಗಂಟೆಗೆ 150 ರೂಪಾಯಿ ತೆಗೆದುಕೊಳ್ಳುತ್ತೇನೆ. ತಿಂಗಳಿಗೆ 25 ದಿನವೆಂದರೆ 3,750 ರೂಪಾಯಿ ಆಗುತ್ತದೆ. ಹನ್ನೆರಡು ತಿಂಗಳೂ ಒಂದೇ ಮೊತ್ತಕ್ಕೆ ಒಪ್ಪಂದ ಮಾಡಿಕೊಳ್ಳಬೇಡಿ. ಮಿಡಿಯ ಕಾಲದಲ್ಲಿ ಎರಡು ಗಂಟೆಯ ಕೆಲಸವಿದ್ದರೆ ಬೇರೆ ತಿಂಗಳುಗಳಲ್ಲಿ ಅರ್ಧ ಗಂಟೆಯೂ ಇರದು. ಗಂಟೆಯ ಲೆಕ್ಕವೇ ಇಬ್ಬರಿಗೂ ನ್ಯಾಯ.

ಉತ್ತರ 2: ಬಾಗಲಕೋಟೆ ಜಿಲ್ಲೆಯ ಸೀರೆ ವ್ಯಾಪಾರಿ

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಒಟಿಪಿಯ ವಿಷಯವನ್ನು ಯಾರೂ ಮುಟ್ಟಲಿಲ್ಲವಾದ್ದರಿಂದ ಅದನ್ನು ಬಿಡಿಸಿ ಹೇಳುತ್ತೇನೆ. ನಾವು ಇಳಕಲ್ ಸೀರೆಗಳನ್ನು ಇದೇ ರೀತಿ ಫೋನಿನ ಮೂಲಕ ಮಾರುತ್ತೇವೆ, ನಮಗೂ ದೂರದಿಂದ ಕೆಲಸ ಮಾಡುವ ಸಹಾಯಕರಿದ್ದಾರೆ, ಮತ್ತು ಅವರಿಗೆ ಇಂದಿನವರೆಗೆ ನಮ್ಮ ಒಂದು ಪಾಸ್‌ವರ್ಡ್ ಕೂಡ ಗೊತ್ತಿಲ್ಲ.

ಗಿರಾಕಿಗಳೊಂದಿಗಿನ ಹಳೆಯ ಸಂಭಾಷಣೆ, ಅವರು ನಿಮ್ಮ ಮೇಲೆ ಇಟ್ಟ ನಂಬಿಕೆ, ಎಲ್ಲವೂ ಆ ಸಂಖ್ಯೆಗೆ ಅಂಟಿಕೊಂಡಿವೆ. ಒಟಿಪಿ ಕೊಟ್ಟರೆ ಆ ಖಾತೆ ಅವರ ಫೋನಿನಲ್ಲಿ ತೆರೆದುಕೊಳ್ಳುತ್ತದೆ, ನಿಮ್ಮ ಫೋನಿನಲ್ಲಿ ಮುಚ್ಚಿಕೊಳ್ಳುತ್ತದೆ. ಅದರ ಬದಲು ಮುಖ್ಯ ಫೋನ್ ನಿಮ್ಮ ಬಳಿಯೇ ಇರಲಿ, ಸಹಾಯಕರ ಕಂಪ್ಯೂಟರನ್ನು ಲಿಂಕ್ಡ್ ಡಿವೈಸ್ ಆಗಿ ಸೇರಿಸಿ. ಉಚಿತ ಆಪ್‌ನಲ್ಲೇ ನಾಲ್ಕು ಸಾಧನಗಳವರೆಗೆ ಸೇರಿಸಬಹುದು, ಬೇಡವೆನಿಸಿದ ಕ್ಷಣ ನಿಮ್ಮ ಫೋನಿನಿಂದಲೇ ತೆಗೆದುಹಾಕಬಹುದು. ಹೀಗೆ ಸೇರಿಸಿದವರಿಗೆ ಆ ಸಂಖ್ಯೆಯ ಸಂಭಾಷಣೆಗಳೆಲ್ಲ ಕಾಣುತ್ತವೆ ಎಂಬುದು ನೆನಪಿರಲಿ. ಮನೆಯ ಸಂಖ್ಯೆ ಬೇರೆ ಇರಬೇಕೆಂಬುದಕ್ಕೆ ಇದೂ ಒಂದು ಕಾರಣ. ನಿಮ್ಮ ಮುಖ್ಯ ಫೋನನ್ನು 14 ದಿನ ತೆರೆಯದೆ ಇಟ್ಟರೆ ಸೇರಿಸಿದ ಸಾಧನಗಳು ತಾವಾಗಿಯೇ ಹೊರಬೀಳುತ್ತವೆ, ಆದ್ದರಿಂದ ಆಗಾಗ ತೆರೆದು ನೋಡುತ್ತಿರಿ. ಎರಡು ಹಂತದ ದೃಢೀಕರಣದ ಪಿನ್ ಹಾಕಿಕೊಳ್ಳುವುದನ್ನು ಮರೆಯಬೇಡಿ.

ಫೇಸ್‌ಬುಕ್ ಪುಟ ಮತ್ತು ಇನ್‌ಸ್ಟಾಗ್ರಾಂ ಖಾತೆಗಳಿಗೂ ಇದೇ ನಿಯಮ. ಇವೆರಡನ್ನೂ ಒಂದೇ ಕಡೆ ನಿರ್ವಹಿಸುವ ಮೆಟಾ ಬಿಸಿನೆಸ್ ಸೂಟ್‌ನಲ್ಲಿ ಸಹಾಯಕರಿಗೆ ಅವರದೇ ಖಾತೆಯ ಮೂಲಕ ಸೀಮಿತ ಪ್ರವೇಶ ಕೊಡಬಹುದು, ಪೋಸ್ಟ್‌ಗಳನ್ನು ಮುಂಚಿತವಾಗಿ ಸಮಯ ನಿಗದಿ ಮಾಡಿ ಇಡುವುದೂ ಅಲ್ಲೇ ಉಚಿತವಾಗಿ ಆಗುತ್ತದೆ. ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ, ಅಂದರೆ ಗೂಗಲ್ ಹುಡುಕಾಟ ಮತ್ತು ನಕ್ಷೆಯಲ್ಲಿ ಕಾಣುವ ವ್ಯಾಪಾರದ ಪರಿಚಯದಲ್ಲಿ, ನೀವು ಮಾಲೀಕರಾಗಿಯೂ ಅವರು ಮ್ಯಾನೇಜರ್ ಆಗಿಯೂ ಇರಲಿ. ಮ್ಯಾನೇಜರ್‌ಗೆ ಬೇರೆಯವರನ್ನು ಸೇರಿಸುವ ಅಥವಾ ತೆಗೆಯುವ ಅಧಿಕಾರ ಇರುವುದಿಲ್ಲ. ಬರೀ ಆನ್‌ಲೈನ್‌ನಲ್ಲಿ ಮಾರುವ ವ್ಯಾಪಾರಕ್ಕೆ ಗೂಗಲ್ ಈ ಪ್ರೊಫೈಲ್ ಕೊಡುವುದಿಲ್ಲ, ಆದರೆ ಮನೆಗೆ ಬಂದು ಕೊಳ್ಳುವವರು ಇದ್ದಾರೆಂದಾದರೆ ನಿಮಗೆ ತೊಂದರೆಯಿಲ್ಲ. ಇನ್ನು ಹಣದ ವಿಷಯ: ಯುಪಿಐ ಕ್ಯೂಆರ್ ಚಿತ್ರವನ್ನು ಸಹಾಯಕರು ಗಿರಾಕಿಗೆ ಕಳುಹಿಸಲಿ, ಹಣ ಬಂತೇ ಎಂದು ನೋಡುವವರು ನೀವಾಗಿರಿ. ಗಿರಾಕಿ ಕಳುಹಿಸುವ ಸ್ಕ್ರೀನ್‌ಶಾಟ್ ಅನ್ನು ನಂಬಿ ಪಾರ್ಸೆಲ್ ಕಟ್ಟುವ ಪದ್ಧತಿ ಖಂಡಿತ ಬೇಡ.

ಉತ್ತರ 3: ಪುಣೆಯಲ್ಲಿರುವ ಗಿರಾಕಿ

ಕೊಳ್ಳುವವರ ಕಡೆಯಿಂದ ಒಂದು ಮಾತು ಹೇಳಬಹುದೇ? ಮಲೆನಾಡಿನ ಉಪ್ಪಿನಕಾಯಿಯನ್ನು ಗೃಹೋದ್ಯಮಗಳಿಂದಲೇ ತರಿಸಿಕೊಳ್ಳುವ ಅಭ್ಯಾಸ ನಮ್ಮ ಮನೆಯಲ್ಲಿದೆ. ಚಿತ್ರದ ಕೆಳಗೆ ಬೆಲೆ ಬರೆಯದೆ, ಬೆಲೆಗಾಗಿ ಸಂದೇಶ ಕಳುಹಿಸಿ ಎಂದು ಬರೆದಿರುವ ಕಡೆ ನಾನು ಕೇಳುವುದನ್ನೇ ಬಿಟ್ಟಿದ್ದೇನೆ. ರೀಲ್ಸ್ ನೋಡಿ ಉಪ್ಪಿನಕಾಯಿ ಕೊಂಡ ನೆನಪು ನನಗಿಲ್ಲ. ಈ ವರ್ಷದ ಮಿಡಿ ಉಪ್ಪಿಗೆ ಬಿತ್ತು, ಇಂಥ ತಿಂಗಳಿನಿಂದ ಕಳುಹಿಸುತ್ತೇವೆ ಎಂಬ ಎರಡು ಸಾಲು ಮತ್ತು ಭರಣಿಯ ಒಂದು ಸಾದಾ ಚಿತ್ರ ಬಂದಾಗ ತಕ್ಷಣ ಆರ್ಡರ್ ಕೊಟ್ಟದ್ದಿದೆ. ಹುಡುಕುವಾಗಲೂ ನಾವು ಒಮ್ಮೆ ಕನ್ನಡದಲ್ಲಿ, ಒಮ್ಮೆ ಇಂಗ್ಲಿಷ್ ಅಕ್ಷರಗಳಲ್ಲಿ, ಅದೂ ಮನಸ್ಸಿಗೆ ತೋಚಿದ ಕಾಗುಣಿತದಲ್ಲಿ ಹುಡುಕುತ್ತೇವೆ. ಹೆಸರು ಎರಡೂ ಲಿಪಿಗಳಲ್ಲಿ ಇದ್ದರೆ ಸಿಗುವುದು ಸುಲಭ.

ಉತ್ತರ 4: ಹುಬ್ಬಳ್ಳಿಯ ತೆರಿಗೆ ಸಲಹೆಗಾರ

ಚರ್ಚೆ ಚೆನ್ನಾಗಿದೆ, ಆದರೆ ಪುಣೆ, ಮುಂಬೈಗಳ ಹೆಸರು ಬಂದ ಕೂಡಲೇ ಒಂದು ಎಚ್ಚರಿಕೆ ಕೊಡಲೇಬೇಕು. ಸರಕು ಮಾರುವವರಿಗೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಬೇಡವೆಂಬ ವಿನಾಯಿತಿ ರಾಜ್ಯದೊಳಗಿನ ಮಾರಾಟಕ್ಕೆ ಮಾತ್ರ ಅನ್ವಯಿಸುತ್ತದೆ. ತೆರಿಗೆಗೆ ಒಳಪಟ್ಟ ಸರಕನ್ನು ಹೊರರಾಜ್ಯದ ಗಿರಾಕಿಗೆ ಕಳುಹಿಸುವವರು ವಹಿವಾಟು ಎಷ್ಟೇ ಕಡಿಮೆ ಇದ್ದರೂ ನೋಂದಣಿ ಮಾಡಿಸಿಕೊಳ್ಳಬೇಕಾಗುತ್ತದೆ. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ, ಉಪ್ಪಿನಕಾಯಿಗೆ ಇದೆ. ನೋಂದಣಿಯಾದರೆ ರಿಟರ್ನ್ ಸಲ್ಲಿಸುವ ಖರ್ಚೂ ಬರುವುದರಿಂದ, ನಿಮ್ಮ 6,000 ರೂಪಾಯಿಯ ಲೆಕ್ಕದಲ್ಲಿ ಅದಕ್ಕೂ ಜಾಗ ಇಡಿ, ಇಲ್ಲವೇ ಮೊದಲ ವರ್ಷದ ಪ್ರಚಾರವನ್ನು ರಾಜ್ಯದೊಳಗಿನ ಊರುಗಳಿಗೆ ಸೀಮಿತಗೊಳಿಸಿ. ಬೆಂಗಳೂರು ಒಂದೇ ನಿಮ್ಮ ಇಡೀ ಉತ್ಪಾದನೆಯನ್ನು ಕೊಳ್ಳಬಲ್ಲದು ಎಂಬುದು ನನ್ನ ಅಭಿಪ್ರಾಯ.

ಪೋಸ್ಟರ್ ಬರೆಯುವವರು ಯಾರೇ ಆಗಿರಲಿ, ಅದರಲ್ಲಿರುವ ಮಾತಿಗೆ ಹೊಣೆ ನೀವೇ. ಮುರುಗಲು ಪಾನಕ ಇಂಥ ರೋಗವನ್ನು ಗುಣಪಡಿಸುತ್ತದೆ ಎಂದು ಉತ್ಸಾಹದಿಂದ ಬರೆದುಬಿಡುತ್ತಾರೆ, ಆಹಾರದ ಜಾಹೀರಾತಿನಲ್ಲಿ ಅಂಥ ಹೇಳಿಕೆಯನ್ನು 2018ರ ಎಫ್‌ಎಸ್‌ಎಸ್‌ಎಐ ನಿಯಮಗಳು ನಿಷೇಧಿಸುತ್ತವೆ. ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇರುವುದು ನಿಜ, ಆದರೆ ಅದರ ಲಾಂಛನವನ್ನು ಬಳಸಲು ಅಧಿಕೃತ ಬಳಕೆದಾರರೆಂದು ನೋಂದಣಿಯಾಗಿರಬೇಕು. ಪೊಟ್ಟಣದ ಮೇಲೆ ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಕರ ವಿಳಾಸ, ತಯಾರಿಸಿದ ತಿಂಗಳು, ದೂರಿಗೆ ಸಂಪರ್ಕ ಸಂಖ್ಯೆ, ಹಸಿರು ಚುಕ್ಕೆ ಮತ್ತು 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇವೆಯೇ ಎಂದು ಚಿತ್ರ ತೆಗೆಯುವ ಮುನ್ನ ನೋಡಿಕೊಳ್ಳಿ.

ಸಹಾಯಕರ ಬಗ್ಗೆ ನನ್ನದು ಸ್ವಲ್ಪ ಭಿನ್ನಾಭಿಪ್ರಾಯ. ದೂರದ ವರ್ಚುವಲ್ ಅಸಿಸ್ಟೆಂಟ್‌ಗಿಂತ ನಿಮ್ಮದೇ ಊರಿನ ಪದವಿ ವಿದ್ಯಾರ್ಥಿನಿಯೊಬ್ಬಳಿಗೆ ಅದೇ ಹಣ ಕೊಟ್ಟರೆ ಮಿಡಿಯ ಜಾತಿಯೂ ಗೊತ್ತಿರುತ್ತದೆ, ಭರಣಿಯ ಚಿತ್ರವನ್ನೂ ಅವಳೇ ತೆಗೆಯುತ್ತಾಳೆ.

ಉತ್ತರ 5: ದಾವಣಗೆರೆಯ ವರ್ಚುವಲ್ ಅಸಿಸ್ಟೆಂಟ್

ಚಿತ್ರ ತೆಗೆಯುವ ವಿಷಯದಲ್ಲಿ ಅವರ ಮಾತು ಸರಿ, ಅದು ಸ್ಥಳದಲ್ಲಿದ್ದವರೇ ಮಾಡಬೇಕಾದ ಕೆಲಸ. ಆದರೆ ನೆಟ್‌ವರ್ಕ್ ಇಲ್ಲದ ಊರಿನಲ್ಲೇ ಉತ್ತರ ಕೊಡುವವರೂ ಇದ್ದರೆ ಮೂಲ ತೊಂದರೆ ಹಾಗೆಯೇ ಉಳಿಯುತ್ತದೆ. ಪರೀಕ್ಷೆಯ ತಿಂಗಳುಗಳೂ ಮಿಡಿಯ ಹಂಗಾಮೂ ಒಟ್ಟಿಗೇ ಬರಬಹುದು. ವಿದ್ಯಾರ್ಥಿನಿಯಿಂದ ವಾರಕ್ಕೊಮ್ಮೆ ಚಿತ್ರ, ಪಟ್ಟಣದಲ್ಲಿರುವವರಿಂದ ದಿನನಿತ್ಯದ ಉತ್ತರ ಎಂದು ಹಂಚಿದರೆ ಹೇಗೆ?

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಒಟಿಪಿ ಕೇಳಿದವರಿಗೆ ಬೇಡವೆಂದು ಹೇಳಿದ್ದೇನೆ. ಅಡಿಕೆ ಕೊಯ್ಲಿನ ದಿನಗಳಲ್ಲಿ ಊರಿನಲ್ಲಿ ಬಿಡುವಾಗಿರುವ ವಿದ್ಯಾರ್ಥಿನಿ ಸಿಗುವುದು ಕಷ್ಟ, ಆದರೆ ಚಿತ್ರಕ್ಕಾಗಿ ವಾರಕ್ಕೊಂದು ಗಂಟೆ ಬರುವವರು ಸಿಗಬಹುದು. ಜಿಎಸ್‌ಟಿಯ ವಿಷಯ ತಿಳಿದಿರಲಿಲ್ಲ. ಪುಣೆಯವರು ಬೇಸರಿಸದಿದ್ದರೆ ಅದು ಇತ್ಯರ್ಥವಾಗುವವರೆಗೆ ಹೊರರಾಜ್ಯಕ್ಕೆ ಉಪ್ಪಿನಕಾಯಿ ಕಳುಹಿಸುವುದನ್ನು ನಿಲ್ಲಿಸುತ್ತೇವೆ. ಇನ್ನೊಂದು ಸಂದೇಹವಿದೆ. ಹಳೆಯ ಗಿರಾಕಿಗಳಿಗೆಲ್ಲ ಒಮ್ಮೆಗೇ ವಾಟ್ಸ್‌ಆಪ್‌ನಲ್ಲಿ ಬ್ರಾಡ್‌ಕಾಸ್ಟ್ ಸಂದೇಶ ಕಳುಹಿಸಿದರೂ ಅರ್ಧದಷ್ಟು ಜನಕ್ಕೆ ತಲುಪುವುದೇ ಇಲ್ಲ. ಇದಕ್ಕೆ ಹಣ ಕೊಟ್ಟು ಜಾಹೀರಾತು ಹಾಕುವುದೊಂದೇ ದಾರಿಯೇ?

ಉತ್ತರ 6: ಬಾಗಲಕೋಟೆ ಜಿಲ್ಲೆಯ ಸೀರೆ ವ್ಯಾಪಾರಿ

ಅಲ್ಲ. ಒಂದು ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದಾದರೂ, ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ. ಉಳಿದವರು ಒಮ್ಮೆ ಕೊಂಡು, ಸಂಖ್ಯೆಯನ್ನು ಉಳಿಸದೆ ಬಿಟ್ಟವರು. ನಾವು ಪ್ರತಿ ಪಾರ್ಸೆಲ್‌ನೊಳಗೆ ಅಂಗೈಯಗಲದ ಒಂದು ಚೀಟಿ ಇಡುತ್ತೇವೆ: ಹೊಸ ಸೀರೆ ಬಂದಾಗ ತಿಳಿಯಬೇಕಾದರೆ ಈ ಸಂಖ್ಯೆಯನ್ನು ಇಂಥ ಹೆಸರಿನಲ್ಲಿ ಉಳಿಸಿಕೊಂಡು ಒಂದು ಸಂದೇಶ ಕಳುಹಿಸಿ ಎಂದಷ್ಟೇ ಅದರಲ್ಲಿರುತ್ತದೆ. ಸಂದೇಶ ಕಳುಹಿಸಿದವರನ್ನು ಮಾತ್ರ ಪಟ್ಟಿಗೆ ಸೇರಿಸಿದರೆ ಒಪ್ಪಿಗೆಯಿಲ್ಲದವರಿಗೆ ಕಿರಿಕಿರಿಯೂ ಆಗದು, ಸ್ಪ್ಯಾಮ್ ಎಂದು ದೂರು ಬಿದ್ದು ಸಂಖ್ಯೆ ನಿರ್ಬಂಧಕ್ಕೊಳಗಾಗುವ ಭಯವೂ ಕಡಿಮೆ. ಗೂಗಲ್ ವಿಮರ್ಶೆಯ ಕೊಂಡಿಯ ಕ್ಯೂಆರ್ ಅನ್ನೂ ಅದೇ ಚೀಟಿಯಲ್ಲಿ ಹಾಕಬಹುದು, ಆದರೆ ವಿಮರ್ಶೆ ಬರೆದರೆ ರಿಯಾಯಿತಿ ಎಂದು ಬರೆಯಬೇಡಿ. ಗೂಗಲ್ ಅದನ್ನು ಒಪ್ಪುವುದಿಲ್ಲ. ಚೀಟಿಗೆ ಎಣ್ಣೆ ತಾಗದಂತೆ ಅದನ್ನು ಒಳಗಿನ ಪ್ಲಾಸ್ಟಿಕ್ ಚೀಲದ ಹೊರಗೆ ಇಡಿ. ಸೀರೆಯವರಿಗೆ ಆ ಚಿಂತೆ ಇಲ್ಲ, ನಿಮಗಿದೆ.